ಬೂದಿಬಣ್ಣದ ಬೆಳಕು

ಹಾನ್ಲೆಯಲ್ಲಿ ಬಾರ್ಲಿಯ ಒಕ್ಕಣೆ ನಡೆದಿತ್ತು. ಕಣದಿಂದ ನೇರ ಬಂದ ಗ್ಯಾಲ್ಸನ್ ಅಂಗಳದಲ್ಲಿ ಕೂತು ಹೆಣವಿಟ್ಟು ಮುಚ್ಚುವ ಸುಡುಗೂಡಿನ ಬಾಯಿಗೆ ಮೆತ್ತುವ ಮಣ್ಣು ಕಲಸುತ್ತಿದ್ದ. ಟೊಪ್ಪಿಯ ಮೇಲೆ ಇನ್ನೂ ಹೊಟ್ಟಿತ್ತು. ಈ ಮನೆಯ ಸಾವಿನ ಕೆಲಸವೆಲ್ಲ ಅವನ ಮನೆತನದ್ದು. ಒಳಗಿನ ಮೂಲೆಯಲ್ಲಿ, ತೀರಿಕೊಂಡ ತುಂಡುಪ್ ಮೂರು ದಿನದಿಂದ ಮೊಣಕಾಲು ಮಡಿಸಿ, ಬಿಳಿ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ. ಬಿಸಿಲೇರುವ ಮೊದಲು ಎತ್ತಬೇಕು. ಹೆಂಗಸರು ಸುಡುಗೂಡಿನವರೆಗೆ ಹೋಗುವಂತಿಲ್ಲ.

"ಬದುಕಿದ್ದಾಗ ಊರಿನ ಕಿಟಕಿಯೆಲ್ಲ ಮುಚ್ಚಿಸಿದ ಮುದುಕ," ಅಂದ ಗ್ಯಾಲ್ಸನ್. "ಈಗ ಅವನ ಬಾಗಿಲು ಮುಚ್ಚೋ ಸರದಿ ನಂದು."

ಗುಡ್ಡದ ಮೇಲಿನ ದುರ್ಬೀನಿಗೆ ಊರ ದೀಪ ತಾಗದಂತೆ ಸಂಜೆಸಂಜೆ ಮನೆಮನೆಯ ಪರದೆ ಎಳೆಸುವುದು ತುಂಡುಪ್‌ನ ಕೆಲಸವಾಗಿತ್ತು. ಮಣ್ಣಿಗೆ ನೀರು ತಂದ ಯಾಂಗ್ಡೋಲ್, ತುಂಡುಪ್‌ನ ಹೆಂಡತಿ, ನಗಲಿಲ್ಲ.

*

ಹೋದ ಚಳಿಗಾಲ, ಚಂದ್ರನಿಲ್ಲದ ಒಂದು ರಾತ್ರಿ, ತುಂಡುಪ್ ಅವಳನ್ನು ಮಾಳಿಗೆಗೆ ಕರೆದಿದ್ದ.

"ಅಲ್ನೋಡು, ನಕ್ಷತ್ರದ ಹಿಂದೆ. ಬೂದಿ ಎರಚಿದ ಹಾಗೆ ಬೆಳಕು. ನಿಂಗೆ ಕಾಣ್ತದಾ?"

ಕಂಡಿತ್ತು. ಆದರೆ ಅವಳ ಅಜ್ಜಿ ಹೇಳುತ್ತಿದ್ದಳು: ಆ ಬೆಳಕು ಒಬ್ಬರಿಗೆ ಕಂಡರೆ ಮನೆಗೆ ಒಂದು ಹೆಣ, ಇಬ್ಬರಿಗೆ ಕಂಡರೆ ಎರಡು, ಬಾಯಿಬಿಟ್ಟು ಹೇಳಿದರೆ ಮಾತ್ರ ಕಂಡ ಲೆಕ್ಕ.

"ಏನೂ ಇಲ್ಲ. ನಿಮ್ಮ ಕಣ್ಣಿಗೆ ವಯಸ್ಸಾಯ್ತು. ಒಳಗೆ ಬನ್ನಿ, ಥಂಡಿ."

ಆಮೇಲೂ ಕೇಳಿದ. ಪ್ರತಿ ಸಲವೂ ಇಲ್ಲವೆಂದಳು. ತನ್ನ ತಲೆಯೇ ಕೆಡುತ್ತಿದೆಯೆಂದು ಹೆದರಿ ಅವನು ಕತ್ತಲಾದ ಮೇಲೆ ಹೊರಗೆ ಕಾಲಿಡುವುದನ್ನೇ ಬಿಟ್ಟ. ನಿದ್ದೆಯಲ್ಲಿ ಅವಳ ತೋಳು ಹಿಡಿದುಕೊಳ್ಳುತ್ತಿದ್ದ.

*

ಪ್ರವಾಸಿಗರಿಗೆ ಆಕಾಶ ತೋರಿಸುವ ಹುಡುಗಿ ಜಿಗ್ಮೆತ್ ಒಂದು ಫೋಟೊ ಹಿಡಿದು ಅಂಗಳಕ್ಕೆ ಬಂದಳು. ಊರವರ ಬಾಯಲ್ಲಿ ಯಾಂಗ್ಡೋಲ್ ಆಬಿ, ಅಂದರೆ ಅಜ್ಜಿ; ತುಂಡುಪ್ ಮೇಮೆ, ಅಜ್ಜ. ಆಡಿನ ದೊಡ್ಡಿಯ ಮೇಲೆ ಆಕಾಶವೆಲ್ಲ ತೆಳು ಹಸಿರು.

"ಆಬಿ, ಮೇಮೆ ನನ್ನನ್ನ ಕೇಳಿದ್ರು, ಇಂಥದ್ದೊಂದು ಬೆಳಕು ನಿಜಕ್ಕೂ ಇದ್ಯಾ ಅಂತ. ತೋರಿಸೋದ್ರೊಳಗೆ ಹೋಗೇಬಿಟ್ರು."

"ಏನಿದು?"

"ನಾವು ಉಸಿರಾಡೋ ಆಮ್ಲಜನಕವೇ. ನೂರು ಕಿಲೋಮೀಟರ್ ಮೇಲೆ, ಹಗಲು ಕುಡಿದ ಬಿಸಿಲನ್ನ ರಾತ್ರಿ ಸಣ್ಣಗೆ ಬಿಡ್ತದೆ. ಕ್ಯಾಮೆರಾಗೆ ಹಸಿರು, ಬರಿಗಣ್ಣಿಗೆ ಬೂದಿ."

"ಎಲ್ಲರಿಗೂ ಕಾಣ್ತದಾ?"

"ಇಷ್ಟು ಕತ್ತಲೆ ಇದ್ರೆ ಕಾಣ್ತದೆ. ಕತ್ತಲೆ ಮಾಡಿಟ್ಟೋರೇ ಮೇಮೆ ಅಲ್ವಾ?"

ಯಾಂಗ್ಡೋಲ್ ಫೋಟೊವನ್ನು ಮಗುಚಿ ಹಿಡಿದಳು. ಹುಡುಗಿಯ ಮಾತು ನಂಬಬೇಕೆನಿಸಿತು. ಅಜ್ಜಿಯ ಮಾತು ಎದೆಯಿಂದ ಕದಲಲಿಲ್ಲ.

"ಮಣ್ಣು ಹದವಾಯ್ತು," ಗ್ಯಾಲ್ಸನ್ ಎದ್ದ. "ಎತ್ತೋಣ್ವಾ?"

"ಒಂದು ಗಳಿಗೆ ತಡಿ. ಒಳಗಿರೋರನ್ನ ಹೊರಗೆ ಕರಿ. ನಮ್ಮವರಿಗೊಂದು ಮಾತು ಹೇಳೋದು ಬಾಕಿ ಇದೆ."

"ಮುಟ್ಟಬಾರ್ದು, ಆಬಿ."

"ಮುಟ್ಟಲ್ಲ."

ಒಳಗೆ ಪರದೆ ಎಳೆದೇ ಇತ್ತು. ಅವಳು ಬಿಳಿ ಗಂಟಿನ ಬಳಿ ಬಾಗಿದಳು. "ನಂಗೂ..." ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ತಿರುಗಿದಳು. "ನಂಗೂ ಕಂಡಿತ್ತು. ಎಲ್ಲ ಸಲವೂ."

ಬಟ್ಟೆಯ ಸುತ್ತುಗಳಲ್ಲಿ ಅವನ ಮುಖ ಯಾವ ಕಡೆಗಿದೆಯೆಂದು ತಿಳಿಯಲಿಲ್ಲ. ಅವಳು ಅವನಿಗೂ ಗೋಡೆಗೂ ನಡುವೆ ನುಸುಳಿ, ಆ ಬದಿಯಲ್ಲೂ ಬಾಗಿ, ಇನ್ನೊಮ್ಮೆ ಹೇಳಿದಳು.