ಕಲೆಯಿಲ್ಲದ ಗಾಜು

ಈ ಕತೆಯಲ್ಲಿ ಗಾಜೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ನಿಜ. ಗಾಜು ಮಾತ್ರ ಇರಲೇ ಇಲ್ಲ.

ಅಕ್ಕ-ಭಾವ ಕಟ್ಟಿಸುತ್ತಿದ್ದ ಹೊಸ ಮನೆಯ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅಕ್ಕನ ತಮ್ಮನ ಪಾಲಿಗೆ ಬಂದಿತ್ತು. ಅವನ ಕಸುಬೇ ಅದು. ಭಾವನ ಕಸುಬು ತಪ್ಪು ಹುಡುಕುವುದು. ಕೆಳಗಿನ ಮೂರು ಕಿಟಕಿಗಳ ಮುಂದೂ ಕೈ ಬೆನ್ನಿಗೆ ಕಟ್ಟಿ ನಿಂತು, ಕತ್ತು ಓರೆ ಮಾಡಿ, "ಇದೇನೋ ಇದು, ಹಲ್ಲಿ ನೆಕ್ಕಿದ ಹಾಗಿದೆ" ಎಂದು ಹೋಗಿದ್ದರು.

ನಾಲ್ಕನೆಯದು ಮಹಡಿಯ ದೊಡ್ಡ ಕಿಟಕಿ. ಅಡ್ಡ ಎಂಟಡಿ, ಎತ್ತರ ಆರಡಿ, ಚೌಕಟ್ಟಿನ ಕೆಳಪಟ್ಟಿ ಮೊಣಕಾಲ ಮಟ್ಟಕ್ಕೆ. ಗಾಜು ಬರುವುದು ಮರುದಿನ. ಹೊಸ ಗಾಜಿಗೆ ಯಾರೂ ಡಿಕ್ಕಿ ಹೊಡೆಯದಿರಲಿ ಎಂದು ಅದರ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಅಂಟಿಸುವುದುಂಟು. ಭಾವನನ್ನು ಬೇಸ್ತು ಬೀಳಿಸಲೆಂದು ತಮ್ಮ ಬರೀ ಚೌಕಟ್ಟಿಗೇ ಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿದ. ಹತ್ತಿರ ಹೋಗದಂತೆ ಮೂರಡಿ ಈಚೆಗೆ ಒಂದು ಹಲಗೆ ಅಡ್ಡ ಇಟ್ಟ. ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಭಾವ, ದೊಡ್ಡದು ಕೂರಿಸಿದೆ. ಬಂದು ಬೈದು ಹೋಗಿ."

ಭಾವ ಬಂದರು. ಹಲಗೆಯ ಈಚೆ ನಿಂತು ನೋಡಿದರು. ಬಗ್ಗಿ ನೋಡಿದರು. ತಮ್ಮ ನಗು ಬಾರದಂತೆ ತುಟಿ ಕಚ್ಚಿಕೊಂಡ.

"ಪರವಾಗಿಲ್ವೋ, ಒಂದು ಕಲೆನೂ ಇಲ್ಲ. ಈಗ ನೋಡು ಕೈ ಕುದುರಿದೆ."

"ಏನೋ, ನಿಮ್ಮ ಆಶೀರ್ವಾದ."

"ಆದ್ರೂ ದೂರದಿಂದ ಹೇಳೋಕಾಗಲ್ಲ. ಉಸಿರು ಊದಿ ನೋಡಿದ್ರೆ ನಿನ್ನ ಬಂಡವಾಳ ಗೊತ್ತಾಗುತ್ತೆ."

ಹಲಗೆ ದಾಟಿಯೇ ಬಿಟ್ಟರು.

ಕೆಲಸದವರು ನಿಲ್ಲಲು ಹೊರಗೆ ಕಟ್ಟಿದ್ದ ಸಾರುವೆಯನ್ನು ಅವತ್ತು ಬೆಳಿಗ್ಗೆಯಷ್ಟೇ ಬಿಚ್ಚಿದ್ದರು. ಕೆಳಗೆ ಜಲ್ಲಿ ರಾಶಿ, ಪಕ್ಕದಲ್ಲಿ ಕಬ್ಬಿಣದ ಸರಳುಗಳು. ಭಾವ ಮೊಣಕಾಲನ್ನು ಪಟ್ಟಿಗೆ ಒತ್ತಿ, ಗಾಜಿಗೆ ಊರಲೆಂದು ಬಲಗೈ ಎತ್ತಿದರು. ಹಿಡಿಯೋಣವೆಂದರೆ ನಾಲ್ಕು ಹೆಜ್ಜೆ ದೂರ. ಕೂಗಿದರೆ ಬೆಚ್ಚುತ್ತಾರೆ, ಬೆಚ್ಚಿದರೆ ಮುಂದಕ್ಕೇ ಬೀಳುತ್ತಾರೆ. ಮೆಲ್ಲಗೆ "ಭಾವ" ಎಂದರೆ "ತಡಿಯೋ" ಎನ್ನುತ್ತಾರೆಯೇ ಹೊರತು ತಿರುಗುವವರಲ್ಲ. ಆ ಮನುಷ್ಯ ತಿರುಗುವುದು ಲೋಕದಲ್ಲಿ ಒಂದೇ ದನಿಗೆ.

ಚಿಕ್ಕಂದಿನಿಂದ ಅಕ್ಕನನ್ನು ಅಣಕಿಸಿ ಅಣಕಿಸಿ ಏಟು ತಿಂದವನು ತಮ್ಮ. ಉಸಿರು ಬಿಗಿಹಿಡಿದು, ದನಿಯನ್ನು ಮೂಗಿನಲ್ಲಿ ಎಳೆದು, ಅಕ್ಕನೇ ಆದ.

"ರೀ... ಆ ಸಿಮೆಂಟ್ ಕಾಲಲ್ಲಿ ಎಲ್ಲಿಗೆ ಹೊರಟ್ರಿ?"

ಎತ್ತಿದ ಕೈ ಅಲ್ಲೇ ನಿಂತಿತು. ಭಾವ ಒಂದು ಹೆಜ್ಜೆ ಹಿಂದೆ ಬಂದರು. ಇನ್ನೊಂದು. "ಇಲ್ಲ ಕಣೇ, ಒರೆಸ್ಕೊಂಡೇ ಬಂದೆ" ಎನ್ನುತ್ತ ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು. ತಮ್ಮ ಹಾರಿ ಅವರ ಸೊಂಟ ತಬ್ಬಿ ಹಲಗೆಯ ಈಚೆ ಕೆಡವಿದ.

"ಏನೋ ಬಂತು ನಿನಗೆ?"

ಕೈಗೆ ಸಿಕ್ಕ ಗಾರೆ ಚೂರನ್ನು ತಮ್ಮ ಕಿಟಕಿಯತ್ತ ಎಸೆದ. ಅದು ಟೇಪಿನ ಪಕ್ಕದಿಂದ ತೂರಿಹೋಗಿ, ತುಸು ಹೊತ್ತಿನ ಮೇಲೆ ಕೆಳಗಿನ ಸರಳಿಗೆ ಠಣ್ ಎಂದು ಬಡಿಯಿತು.

ಭಾವ ಕಿಟಕಿ ನೋಡಿದರು. ಬಾಗಿಲ ಕಡೆ ನೋಡಿದರು, ಯಾರೂ ಇಲ್ಲ. ಮುಖ ಸುಣ್ಣವಾಯಿತು.

"ತಪ್ಪಾಯ್ತು ಭಾವ. ನಾಲ್ಕು ಬಾರಿಸಿಬಿಡಿ."

"ನಿಮ್ಮಕ್ಕ ಮೊನ್ನೆನೇ ಅಮ್ಮನ ಮನೆಗೆ ಹೋದಳಲ್ವೇನೋ?"

"ಹೂಂ."

"ಅಂದ್ರೆ ಇಲ್ಲದ ಗಾಜನ್ನ ಹೊಗಳಿದೆ. ಇಲ್ಲದ ಹೆಂಡ್ತಿಗೆ ಹೆದರಿ ಚಪ್ಪಲಿ ಬಿಚ್ಚಿದೆ."

ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ಆ ನಗುವಿಗೆ ಕೆಳಗೆ ಗಾರೆ ಕಲಸುತ್ತಿದ್ದವರ ಸಲಿಕೆಗಳು ನಿಂತುಹೋದವು. ತಮ್ಮನೂ ನಗಲು ನೋಡಿದ. ಹಲ್ಲುಗಳು ಕಟಕಟ ಬಡಿದುಕೊಂಡವು, ಅಷ್ಟೇ.

"ಇನ್ನೊಂದ್ಸಲ ಕರಿಯೋ ಅವಳ ಥರ" ಎಂದು ಕಣ್ಣೊರೆಸಿಕೊಂಡ ಭಾವ, ಅವನ ಬಾಯಿಂದ ಬರೀ ಗಾಳಿ ಬಂದದ್ದು ಕೇಳಿ, ತೊಡೆ ತಟ್ಟಿ ತಟ್ಟಿ ನೆಲಕ್ಕೆ ಉರುಳಿದರು.