ನಡುವಿನ ಹಲಗೆ

ಅಪ್ಪ ಬಿಟ್ಟುಹೋದ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಕೋಣೆ, ಬಚ್ಚಲು, ಹಿತ್ತಲು ಎಲ್ಲವೂ ಸುಸೂತ್ರವಾಗಿ ಹಂಚಿಹೋದವು. ತಕರಾರು ಬಂದದ್ದು ಮುಂಬಾಗಿಲ ಮುಂದಿನ ಮರದ ಜಗಲಿಯಲ್ಲಿ. ಪಾಲು ಮಾಡಿಕೊಡಲು ಬಂದವರು ಸೋದರಮಾವ. ಸರ್ವೆ ಇಲಾಖೆಯಲ್ಲಿ ಊರವರ ಜಮೀನನ್ನೆಲ್ಲ ಅಳೆದು ನಿವೃತ್ತರಾದವರು. ಕೆಲಸ ಬಿಟ್ಟರೂ ಟೇಪು ಬಿಟ್ಟಿರಲಿಲ್ಲ. ಅವರು ಜಗಲಿಯ ಹಲಗೆಗಳನ್ನು ಎಣಿಸಿದರು. ಹನ್ನೊಂದು ಬಂತು. ಇನ್ನೊಮ್ಮೆ ಎಣಿಸಿದರು, ಆಗಲೂ ಹನ್ನೊಂದೇ.

"ಆ ಕಡೆ ಐದು ದೊಡ್ಡವನಿಗೆ, ಈ ಕಡೆ ಐದು ಚಿಕ್ಕವನಿಗೆ. ಮಧ್ಯದ್ದು ಇಬ್ರಿಗೂ," ಎಂದು ತೀರ್ಪು ಕೊಟ್ಟು, ಗಡದ್ದಾಗಿ ಊಟ ಮುಗಿಸಿ ಹೊರಟುಹೋದರು.

ಅಣ್ಣ ಅಂಚೆ ಕಚೇರಿಯ ಗುಮಾಸ್ತ. ಬೇಸಿಗೆ ಬಂತೆಂದರೆ ತನ್ನ ಐದು ಹಲಗೆಗಳನ್ನು ಉಜ್ಜಿ, ಎಣ್ಣೆ ಕುಡಿಸಿ, ಮುಖ ಕಾಣುವಷ್ಟು ಮಿರಮಿರನೆ ಮಿಂಚಿಸುತ್ತಿದ್ದ. ತಮ್ಮ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣು ಮುಚ್ಚಿ ಒಂದೊಂದು ಮೊಳೆಯನ್ನೂ ಪರೀಕ್ಷಿಸಿ, ತನ್ನ ಐದಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ.

"ಗಿಳಿ ಪಂಜರ ಇದ್ದ ಹಾಗಿದೆ," ಎಂದು ಅಣ್ಣ ತನ್ನ ಹೆಂಡತಿಗೆ, ತಮ್ಮನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ.

"ಅಣ್ಣನ ಕಡೆ ನೊಣ ಕೂತ್ರೂ ಜಾರಿ ಸೊಂಟ ಮುರ್ಕೊಳುತ್ತೆ," ಎಂದು ತಮ್ಮ ತನ್ನ ಹೆಂಡತಿಗೆ ಹೇಳಿದ, ಅಷ್ಟೇ ಮೆಲ್ಲಗೆ.

ಇಬ್ಬರ ಕುಂಚಗಳೂ ನಡುವಿನ ಹಲಗೆಯ ಅಂಚಿಗೆ ಬಂದು ಗಕ್ಕನೆ ನಿಲ್ಲುತ್ತಿದ್ದವು. ಆ ಹಲಗೆಯಲ್ಲಿ ಮೊದಲು ಮೊಳೆಗಳು ತಲೆಯೆತ್ತಿದವು. ಮಳೆನೀರು ಇಳಿಯಿತು, ಗೆದ್ದಲು ಹತ್ತಿತು, ಕೊನೆಗೆ ಒಂದು ಸಾಲು ಅಣಬೆಯೂ ಎದ್ದಿತು. ಕಂಡೂ ಕಾಣದವರಂತೆ ಇಬ್ಬರೂ ಓಡಾಡಿಕೊಂಡಿದ್ದರು.

"ನಾನು ಇವತ್ತು ಒಂದು ಮೊಳೆ ಹೊಡೆದ್ರೆ, ನಾಳೆ ಇಡೀ ಹಲಗೇನ ನನ್ನ ತಲೆಗೆ ಕಟ್ತಾನೆ," ಎಂದು ಅಣ್ಣ ಹೆಂಡತಿಗೆ ವಿವರಿಸಿದ. ತಮ್ಮನೂ ತನ್ನ ಹೆಂಡತಿಗೆ ಇದನ್ನೇ ವಿವರಿಸಿದ್ದ. ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಓರಗಿತ್ತಿಯರಿಬ್ಬರೂ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗಿರುವಾಗ ಒಂದು ದಿನ ಮಾವ ಬಂದರು. ದೊಡ್ಡವನು ತನ್ನ ಕಡೆ ಕುರ್ಚಿ ಹಾಕಿದ, ಚಿಕ್ಕವನು ತನ್ನ ಕಡೆ. ಮಾವ ಎರಡನ್ನೂ ಒಪ್ಪಲಿಲ್ಲ.

"ನಾನು ಯಾರ ಪಕ್ಷಾನೂ ಅಲ್ಲಪ್ಪ. ಮಧ್ಯಕ್ಕೆ ಹಾಕಿ."

ಬೇಡವೆನ್ನಲಾಗದೆ ನಡುವಿನ ಹಲಗೆಯ ಮೇಲೆ ಕುರ್ಚಿ ಹಾಕಿದರು. ಹಲಗೆ ಲಡ್ಡಾಗಿದೆ ಎಂದರೆ ಯಾಕೆ ಸರಿಮಾಡಿಸಲಿಲ್ಲ ಎಂಬ ಪ್ರಶ್ನೆ ಏಳುತ್ತಿತ್ತು. ಮಾವ ಕಾಫಿ ಲೋಟ ಹಿಡಿದು ಕುಳಿತರು. ಲಟಕ್ಕೆಂದಿತು. ಕುರ್ಚಿ ಹಿಂದಕ್ಕೆ ಹಾರಿತು, ಮಾವನ ಬಲಗಾಲು ತೊಡೆಯವರೆಗೆ ಜಗಲಿಯೊಳಗೆ ಹೋಯಿತು. ಕಾಫಿ ಮಾತ್ರ ಒಂದು ತೊಟ್ಟೂ ಚೆಲ್ಲಲಿಲ್ಲ.

"ನೋಡ್ತಾ ನಿಂತಿದ್ದೀರಲ್ರೋ, ಎತ್ರೋ!"

"ನಿನ್ನ ಕಡೆಯಿಂದ ಕೈ ಹಾಕೋ, ಸಲೀಸು," ಎಂದ ಅಣ್ಣ.

"ಕಾಲು ನಿನ್ನ ಕಡೆ ವಾಲಿದೆಯಲ್ಲಣ್ಣ," ಎಂದ ತಮ್ಮ.

ಕೊನೆಗೆ ಓರಗಿತ್ತಿಯರೇ ಓಡಿಬಂದು, ಎರಡೂ ಕಂಕುಳಿಗೆ ಕೈಕೊಟ್ಟು ಮಾವನನ್ನು ಮೇಲೆತ್ತಿದರು.

ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದರು ಡಾಕ್ಟರು. ಮಾವ ಪಟ್ಟು ಹಿಡಿದರು: "ಆ ಹಲಗೆ ಸರಿಯಾಗೋವರೆಗೆ ನಾನು ಇಲ್ಲಿಂದ ಕದಲಲ್ಲ."

ಬೆಳಗ್ಗೆ ಅಣ್ಣನ ಮನೆಯಲ್ಲಿ, ಸಂಜೆ ತಮ್ಮನ ಮನೆಯಲ್ಲಿ ಅವರ ಠಿಕಾಣಿ. ಇಲ್ಲಿ ಕೂತು "ಅಲ್ಲಿ ಕಾಫಿ ನೀರು ನೀರಾಗಿತ್ತಮ್ಮ" ಎನ್ನುವುದು, ಅಲ್ಲಿ ಹೋಗಿ "ಅವರ ಮನೆ ದಿಂಬು ಕಲ್ಲು" ಎನ್ನುವುದು. ಅವರು ಕೂತ ಕಡೆಯೆಲ್ಲ ರೇಡಿಯೋ ಕಿವಿ ಕಿತ್ತುಹೋಗುವಂತೆ ಕಿರುಚುತ್ತಿತ್ತು. ಓರಗಿತ್ತಿಯರ ನಗು ಅಲ್ಲಿಗೆ ನಿಂತಿತು. ಭಾನುವಾರ ಬೆಳಗ್ಗೆ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಜಗಲಿಗೆ ಬಂದರು.

"ಹಲಗೆ ಕೂರೋವರೆಗೆ ಎರಡು ಮನೇಲೂ ಒಲೆ ಹಚ್ಚಲ್ಲ," ಎಂದಳು ಹಿರಿಯವಳು.

"ಕಾಫಿನೂ ಇಲ್ಲ," ಎಂದಳು ಕಿರಿಯವಳು.

ಗರಗಸ ಅಣ್ಣನಲ್ಲಿತ್ತು, ಸುತ್ತಿಗೆ ತಮ್ಮನಲ್ಲಿ. ಬೇರೆ ದಾರಿಯಿರಲಿಲ್ಲ. ಕೊಳೆತ ಹಲಗೆಯನ್ನು ಕಿತ್ತರು, ಕೆಳಗಿನ ತೊಲೆಯ ಮಣ್ಣು ಕೆರೆದು ಗೆದ್ದಲಿನ ಮದ್ದು ಹಾಕಿದರು. ಧೂಳಿನಲ್ಲಿ ಅಪ್ಪನ ಬಾಚಣಿಗೆ ಸಿಕ್ಕಿತು. ಅದನ್ನು ಕಳೆದಿರೆಂದು ಚಿಕ್ಕಂದಿನಲ್ಲಿ ಇಬ್ಬರೂ ಬಾಸುಂಡೆ ಬರುವಂತೆ ಏಟು ತಿಂದಿದ್ದರು.

"ನೀನೇ ಕದ್ದಿದ್ದು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ," ಎಂದ ಅಣ್ಣ.

"ನಾನೂ ನೀನೇ ಅಂತ."

ಹೊಸ ಹಲಗೆಯನ್ನು ಅಣ್ಣ ಹಿಡಿದ, ತಮ್ಮ ಮೊಳೆ ಹೊಡೆದ. ಒಂದು ಏಟು ಅಣ್ಣನ ಹೆಬ್ಬೆರಳಿಗೆ ಬಿತ್ತು.

"ಬೇಕಂತಲೇ ಹೊಡೆದೆ!"

"ಬೇಕಂತ ಹೊಡೆದಿದ್ರೆ ಬೆರಳು ಉಳೀತಿತ್ತಾ?"

ಇಬ್ಬರೂ ನಕ್ಕರು. ಅಕ್ಕಪಕ್ಕದವರು ಗಾಬರಿಯಾಗಿ ಕಿಟಕಿ ತೆರೆದು ನೋಡಿದರು.

ಕೆಲಸ ಮುಗಿಯಿತು. ಮಾವ ಕುಂಟುತ್ತ ಬಂದು, ಹಲಗೆಯ ಮೇಲೆ ನಿಂತು, ಒಮ್ಮೆ ಮೆಲ್ಲಗೆ ಕುಪ್ಪಳಿಸಿದರು. ಅಲ್ಲಾಡಲಿಲ್ಲ.

"ಭೇಷ್! ಯಾರು ಕೂರಿಸಿದ್ದು?"

"ನಾನು," ಎಂದರು ಇಬ್ಬರೂ ಒಟ್ಟಿಗೆ.

"ನೀನು ಹಿಡಿದಿದ್ದೆ ಅಷ್ಟೇ."

"ಮರ ತಂದಿದ್ದು ಯಾರು, ಕೊಯ್ದಿದ್ದು ಯಾರು? ಅದು ನನ್ನ ಹಲಗೆ."

"ಮೊಳೆ ಎಲ್ಲ ನಂದು. ಕಿತ್ಕೊಡ್ತೀನಿ, ತಗೊಂಡ್ಹೋಗು ನಿನ್ನ ಹಲಗೇನ!"

ಮಾವ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿದರು. ಅವರು ತೀರ್ಪು ಕೇಳುವ ಮುಂಚೆಯೇ ಒಳಗೆ ಹೋಗಿ ತಮ್ಮ ಚೀಲ ತಂದರು. ಕುಂಟುವುದನ್ನು ಮರೆತು ಸರಸರನೆ ಬಸ್ಸಿನ ಕಡೆ ನಡೆದರು.

ಅಂದು ಸಂಜೆ ಅಣ್ಣ ತನ್ನ ಕುರ್ಚಿಯನ್ನು ಹೊಸ ಹಲಗೆಯ ಮೇಲೆ ಹಾಕಿದ. ತಮ್ಮನೂ ಸ್ಟೂಲು ತಂದು ಅದರ ಮೇಲೇ ಒತ್ತಿ ಇಟ್ಟ. ಮರುದಿನವೂ ಹಾಗೆಯೇ. ಬಿಟ್ಟು ಎದ್ದವನು ಹಕ್ಕು ಕಳೆದುಕೊಂಡಂತೆ ಎಂದು ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಮುಖ ಗಂಟಿಕ್ಕಿ ಕುಳಿತರು. ಉಳಿದ ಹತ್ತು ಹಲಗೆಗಳು ಖಾಲಿ.

ಕೆಲವು ದಿನ ಅಣ್ಣ ಪೇಪರು ಹರಡಿಕೊಂಡು ಕೂತ, ತಮ್ಮ ಬೀದಿ ನೋಡುತ್ತ ಕೂತ. ಆಮೇಲೆ ತಮ್ಮನೇ ಬಾಯಿಬಿಟ್ಟ. "ನಿನ್ನ ಪೇಪರು ನನ್ನ ಮೂಗಿಗೆ ಬಡೀತಿದೆ."

"ಬಡಿದ್ರೆ ಓದು," ಎಂದು ಅಣ್ಣ ಒಂದು ಹಾಳೆ ಕಿತ್ತುಕೊಟ್ಟ.

ಕಿಟಕಿಯಲ್ಲಿ ನಿಂತಿದ್ದ ಕಿರಿಯವಳು ಕೇಳಿದಳು, "ಊಟಕ್ಕೆ ಕರೀಲಾ ಅಕ್ಕ?"

"ಸುಮ್ನಿರೇ. ಎದ್ರೆ ಮತ್ತೆ ಏನಾದ್ರೂ ಪಾಲು ಮಾಡೋಕೆ ಶುರು ಮಾಡ್ತಾರೆ. ಬಾ, ನಾವು ಊಟ ಮಾಡೋಣ."