ತೀರಿಕೊಂಡವರ ಪಟ್ಟಿಯಲ್ಲಿ ಎಲ್ಬ್ರಿಜ್ ಪೈಕ್

"ನಾನು ಸತ್ತೋದ್ನಂತಲ್ಲ, ಯಾವಾಗ?" ಎಂದು ಎಲ್ಬ್ರಿಜ್ ಪೈಕ್ ಫೋನಿನಲ್ಲಿ ಕೇಳಿದಾಗ ರೊವೀನಾ ಟಟಲ್ ಶಾಲೆಯ ಬಸ್ಸಿನ ಗಾಜಿಗೆ ಮೆತ್ತಿದ್ದ ಕೆಸರನ್ನು ಒರೆಸುತ್ತಿದ್ದಳು. ಮಾರ್ಚ್ ತಿಂಗಳ ಸೋಮವಾರ. ಹಿಮ ಕರಗಿ ವರ್ಮಾಂಟಿನ ಮಣ್ಣುರಸ್ತೆಗಳೆಲ್ಲ ಕೆಸರುಗದ್ದೆಯಾಗಿದ್ದವು. ಅವಳ ಕೈ ಅಲ್ಲೇ ನಿಂತಿತು. ಹಿಂದಿನ ದಿನ ಚರ್ಚಿನಲ್ಲಿ ನಲವತ್ತು ಜನರ ಮುಂದೆ, ತೀರಿಕೊಂಡವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಓದಿದವಳು ಅವಳೇ.

"ಪೈಕ್ ಅವ್ರೇ, ಎಲ್ಲಿದ್ದೀರಿ ನೀವು?"

"ಸ್ವರ್ಗದಲ್ಲಂತೂ ಅಲ್ಲ. ಬೆಳಗ್ಗೆ ಓಟ್ಸ್ ಗಂಜಿ ಕೊಟ್ರು, ಉಪ್ಪಿಲ್ಲದ್ದು. ತಂಗಿ ಮಗಳು ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಹೆಣ ಯಾವಾಗ ಕೊಡ್ತೀರಿ ಅಂತ ಕೇಳಿದ್ಲಂತೆ. ಫೋನ್ ತಂದು ನನ್ನ ಕೈಗೇ ಕೊಟ್ರು. ಪಾಪ, ಹುಡುಗಿ ಕಿರುಚಿಬಿಟ್ಳು."

ರೊವೀನಾ ಸೇಂಟ್ ಕತ್‌ಬರ್ಟ್ ಚರ್ಚಿನ ಡೀಕನ್. ಡೀಕನ್ ಎಂದರೆ ಪಾದ್ರಿಯಲ್ಲ. ಆಶೀರ್ವದಿಸುವ ಹಾಗಿಲ್ಲ, ರೊಟ್ಟಿ ದ್ರಾಕ್ಷಾರಸವನ್ನು ಪವಿತ್ರಗೊಳಿಸುವ ಹಾಗಿಲ್ಲ, ಸಂಬಳದ ಮಾತಂತೂ ಎತ್ತುವ ಹಾಗೇ ಇಲ್ಲ. ಸುವಾರ್ತೆ ಓದಬೇಕು, ಪೀಠ ಅಣಿಮಾಡಬೇಕು, ಕಾಯಿಲೆಯವರ ಮತ್ತು ತೀರಿಕೊಂಡವರ ಹೆಸರಿನ ಪಟ್ಟಿ ಬರೆದಿಟ್ಟುಕೊಳ್ಳಬೇಕು, ಚರ್ಚಿಗೆ ಬರಲಾಗದವರ ಬಳಿಗೆ ಪ್ರಸಾದ ಒಯ್ಯಬೇಕು. ಆರಾಧನೆಯ ಕೊನೆಗೆ "ಸಮಾಧಾನದಿಂದ ಹೋಗಿ" ಎಂದು ಜನರನ್ನು ಕಳಿಸುವುದೂ ಡೀಕನ್ನಿನ ಕೆಲಸವೇ. ಅವರು ನಿಜವಾಗಿ ಸಮಾಧಾನದಿಂದ ಇದ್ದಾರೋ ಇಲ್ಲವೋ ಎಂದು ವಾರವಿಡೀ ನೋಡಿಕೊಳ್ಳುವುದೂ ಅವಳ ಪಾಲಿಗೇ ಬಿದ್ದಿತ್ತು. ಪಾದ್ರಿಗೆ ಮೂರು ಊರಿನ ಮೂರು ಚರ್ಚು. ಹೊಟ್ಟೆಪಾಡಿಗೆ ರೊವೀನಾ ಬಸ್ಸು ಓಡಿಸುತ್ತಿದ್ದಳು. ಬೆಳಗಿನ ಮತ್ತು ಮಧ್ಯಾಹ್ನದ ಸುತ್ತುಗಳ ನಡುವೆ ಸಿಕ್ಕಿದ ಹೊತ್ತೇ ರೋಗಿಗಳ ಹೊತ್ತು.

ಆದದ್ದು ಇಷ್ಟು. ಹಿಂದಿನ ಗುರುವಾರ ಮಧ್ಯಾಹ್ನ ಅವಳು ಪ್ರಸಾದ ಹಿಡಿದು, ವೃದ್ಧರನ್ನು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನಲ್ಲಿದ್ದ ಎಲ್ಬ್ರಿಜ್‌ನ ಕೋಣೆಗೆ ಹೋದಳು. ಬಾಗಿಲ ಮೇಲಿನ ಹೆಸರಿನ ಚೀಟಿ ಇರಲಿಲ್ಲ. ಹಾಸಿಗೆಯ ಮೇಲೆ ಬಟ್ಟೆ ಇರಲಿಲ್ಲ. ಕಿಟಕಿಯ ಗಿಡವೂ ಇರಲಿಲ್ಲ. ಹದಿನೆಂಟು ವರ್ಷ ಇಂಥ ಕೋಣೆಗಳಿಗೆ ಓಡಾಡಿದವಳಿಗೆ ಬರಿ ಹಾಸಿಗೆಗೆ ಒಂದೇ ಅರ್ಥ. ಎರಡೂಕಾಲಿಗೆ ಬಸ್ಸು ಶಾಲೆಯ ಮುಂದೆ ನಿಂತಿರಬೇಕಿತ್ತು. ಹೊಸ್ತಿಲಲ್ಲೇ ಒಂದು ಪ್ರಾರ್ಥನೆ ಹೇಳಿ ಬಂದಳು. ಹತ್ತು ಹೆಜ್ಜೆ ಆಚೆ ಮೇಜಿನಲ್ಲಿದ್ದ ನರ್ಸುಗಳನ್ನು ಒಂದು ಮಾತು ಕೇಳಲಿಲ್ಲ. ಛಾವಣಿ ಸೋರಿದ್ದಕ್ಕೆ ಮುದುಕನನ್ನು ಹೊಳೆಯ ಕಡೆಯ ಕೋಣೆಗೆ ಸಾಗಿಸಿದ್ದರು, ಅಷ್ಟೇ. ಸಂಜೆ ಅವಳು ಒಂದು ಪಟ್ಟಿಯಿಂದ ಹೆಸರು ಹೊಡೆದುಹಾಕಿ ಇನ್ನೊಂದರಲ್ಲಿ ಬರೆದಳು.

ಸೋಮವಾರ ಮಧ್ಯಾಹ್ನ ಹೊಳೆಯ ಕಡೆಯ ಕೋಣೆಗೆ ಹೋದಾಗ ಎಲ್ಬ್ರಿಜ್ ಕುರ್ಚಿಯಲ್ಲಿ ಕೂತಿದ್ದ. ಎಂಬತ್ತಾರು ವರ್ಷ. ಮೈಯಲ್ಲಿ ಮೂಳೆ ಬಿಟ್ಟರೆ ಮಾತು ಮಾತ್ರ ಉಳಿದಿತ್ತು.

"ಕೂತ್ಕೊ. ಮೊದಲು ಹೇಳು, ಯಾರ್ಯಾರು ಅತ್ರು?"

"ಹೆಂಗಸರು ಸುಮಾರು ಜನ. ಉಪವಾಸ ಕಾಲದ ಬುಧವಾರದ ಸೂಪಿನ ಊಟದ ಮಾತು ಬಿಟ್ಟು ನಿಮ್ಮ ಮಣ್ಣಿನ ದಿನದ ಅಡುಗೆ ಮಾತಾಡಕ್ಕೆ ಶುರು ಮಾಡಿದ್ರು. ಎರಡು ಹ್ಯಾಮ್ ಹೇಳಿಟ್ಟಿದ್ದಾರೆ."

"ಹ್ಯಾಮ್ ತಿನ್ನೋಕೆ ಅಳ್ತಾರೆ ಬಿಡು. ಮರ್ಟನ್?"

"ಅತ್ರು. ಕಾಫಿ ಕೊಡೋ ಕೋಣೇಲಿ ಗೋಡೆ ಕಡೆ ತಿರುಗಿ ನಿಂತು ಅತ್ರು. ನಿಮ್ಮ ಬಗ್ಗೆ ಎರಡು ಮಾತು ಆಡೋನು ನಾನೇ, ಬರ್ಕೊಂಡು ಬರ್ತೀನಿ ಅಂತ ಪಾದ್ರಿಗೆ ಹೇಳಿದ್ರು."

ಮರ್ಟನ್ ಗೇಜ್ ಮತ್ತು ಎಲ್ಬ್ರಿಜ್ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಚರ್ಚಿನ ಬಾಗಿಲು. ಎಲ್ಬ್ರಿಜ್ ಅದಕ್ಕೆ ಬಳಿದದ್ದು ಬೆಂಕಿ ಆರಿಸುವ ಗಾಡಿಯ ಕೆಂಪು ಎಂದು ಮರ್ಟನ್ ಹೇಳಿದ, ಆಮೇಲೆ ಅದರ ಮೇಲೆ ತನಗೆ ಬೇಕಾದ ಕೆಂಪು ಬಳಿಸಿದ. ಅಲ್ಲಿಂದ ಮುಂದೆ, ಆರಾಧನೆಯ ನಡುವೆ ಸಮಾಧಾನ ಹೇಳಿಕೊಳ್ಳುವ ಹೊತ್ತಿನಲ್ಲಿ ಇಡೀ ಚರ್ಚು ಕೈಕುಲುಕುತ್ತ ಓಡಾಡುತ್ತಿದ್ದರೆ, ಇವರಿಬ್ಬರು ಒಬ್ಬರಿಗೊಬ್ಬರು ಬೆನ್ನು ಹಾಕಿ ಆಚೀಚೆ ಸಾಲಿನಲ್ಲಿ ಸಮಾಧಾನ ಹಂಚುತ್ತಿದ್ದರು. ಊರಿಗೆಲ್ಲ ಇದು ನಗೆಯ ಸಂಗತಿಯಾಗಿತ್ತು.

"ಅವನು ಬರೆದಿದ್ದು ನಂಗೆ ಕೇಳ್ಬೇಕು" ಎಂದ ಎಲ್ಬ್ರಿಜ್. "ಡಾಕ್ಟರು ಈಸ್ಟರ್ ತನಕ ಅಂದಿದ್ದಾರೆ. ಆಚೆಗೆ ಏನೂ ಅಂದಿಲ್ಲ. ಸತ್ತ ಮೇಲೆ ಓದಿದ್ರೆ ನಂಗೇನು ಬಂತು? ಅವನನ್ನ ಕರ್ಕೊಂಡು ಬಾ."

"ಕರೀತೀನಿ. ಅದಕ್ಕೆ ಮುಂಚೆ ಒಂದು ಮಾತು. ಕ್ರಿಸ್ಮಸ್ ಆದ್ಮೇಲೆ ನಾನು ಒಂದ್ಸಲನೂ ಬಂದಿರ್ಲಿಲ್ಲ. ಬರ್ತಾ ಇದ್ದಿದ್ರೆ ಕೋಣೆ ಬದಲಾಗಿದ್ದನ್ನ ಇಲ್ಲಿಯವರೇ ಕರೆದು ಹೇಳಿರೋರು. ತಪ್ಪು ಹಾಸಿಗೇದಲ್ಲ, ನಂದು."

"ಗೊತ್ತು. ಗೋಡೆ ಮೇಲೆ ಕ್ಯಾಲೆಂಡರ್ ಇದೆ."

ಅವನು ಪರವಾಗಿಲ್ಲ ಎನ್ನಲಿಲ್ಲ. ಅನ್ನುತ್ತಾನೆ ಎಂದು ಕಾದಿದ್ದ ರೊವೀನಾಳಿಗೆ ನಾಚಿಕೆಯಾಯಿತು. ಹೊರಡುವಾಗ ಅವನು ಇಷ್ಟು ಹೇಳಿದ: "ಕ್ಷಮಿಸೋದು ಬಿಡೋದು ಪಾದ್ರಿಗಳ ಕೆಲಸ. ನೀನು ನಿನ್ನ ಕೆಲಸ ಮಾಡು."

ಮರುದಿನ ಅವಳು ಮರ್ಟನ್‌ನ ತೋಟಕ್ಕೆ ಹೋದಳು. ಮೇಪಲ್ ಮರಗಳು ರಸ ಬಿಡುವ ಕಾಲ. ಮರ್ಟನ್, ಆ ರಸವನ್ನು ಕಾಯಿಸಿ ಸಿಹಿ ಪಾಕ ಮಾಡುವ ಕುದಿಮನೆಯಲ್ಲಿ, ಹಬೆಯ ನಡುವೆ ಉದ್ದ ಸೌಟು ಹಿಡಿದು ನಿಂತಿದ್ದ. ಎಂಬತ್ತೆರಡರಲ್ಲೂ ಒಲೆಗೆ ಸೌದೆ ಅವನೇ ಒಟ್ಟುತ್ತಿದ್ದ.

"ನಲವತ್ತು ಜನರ ಮುಂದೆ ನನ್ನ ಅಳಿಸಿದ್ಯಲ್ಲಮ್ಮ" ಎಂದ, ತಿರುಗದೆ. "ಅವನು ಬದುಕಿದ್ದಾನೆ ಅಂತ ಗೊತ್ತಿದ್ರೆ ಒಂದು ತೊಟ್ಟು ಹಾಕ್ತಿರ್ಲಿಲ್ಲ ನಾನು."

"ನನ್ನ ತಪ್ಪು. ಅದನ್ನ ಹೇಳಕ್ಕೇ ಬಂದೆ. ಅವ್ರು ನಿಮ್ಮನ್ನ ನೋಡ್ಬೇಕಂತೆ. ಬರೆದಿದ್ದನ್ನ ಕೇಳ್ಬೇಕಂತೆ."

"ನಗಾಡಕ್ಕೆ."

"ಇರಬಹುದು. ಈಸ್ಟರ್ ದಾಟೋದು ಕಷ್ಟ ಅಂತಾರೆ."

ಸೌಟು ಒಂದು ಕ್ಷಣ ನಿಂತು ಮತ್ತೆ ಆಡಿತು. "ಬರೆದಿದ್ದು ಒಲೆಗೆ ಹಾಕಿದೆ. ಅಲ್ಲದೆ ರಸ ಇಳೀತಾ ಇದೆ. ಬಿಟ್ಟು ಬಂದ್ರೆ ಬಾಣಲೆ ಸುಟ್ಟು ಹೋಗತ್ತೆ. ನಿಂಗೊತ್ತಲ್ಲ."

ಗೊತ್ತಿತ್ತು. ರಸ ಇಳಿಯುವ ದಿನಗಳಲ್ಲಿ ಈ ಕಡೆಯ ಜನ ಮದುವೆಯನ್ನೂ ಮುಂದಕ್ಕೆ ಹಾಕುತ್ತಾರೆ. ಅದಕ್ಕೇ ಅದು ಎಲ್ಲರಿಗೂ ಒಪ್ಪಿಗೆಯಾಗುವ ನೆಪ. "ಗುರುವಾರ ಒಂದೂವರೆಗೆ ಹೋಗ್ತೀನಿ" ಎಂದಷ್ಟೇ ಹೇಳಿ ಅವಳು ಹೊರಟಳು. ಬಸ್ಸಿನ ಮಕ್ಕಳನ್ನಾದರೆ ಗದರಿಸಿ ಕೂರಿಸಬಹುದಿತ್ತು.

ಬುಧವಾರದ ಸೂಪಿನ ಊಟಕ್ಕೆ ಆ ಹಂದಿಮಾಂಸದ ಹ್ಯಾಮ್ ಬಂತು. ಉಪವಾಸ ಕಾಲದಲ್ಲಿ ಮಾಂಸವೇ ಎಂದು ಇಬ್ಬರು ಮೂಗು ಮುರಿದರು. ಬದುಕಿರುವವನ ತಿಥಿ ಎಂದು ಯಾರೋ ತಮಾಷೆ ಮಾಡಿದರು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಮರ್ಟನ್ ಬಂದಿರಲಿಲ್ಲ.

ಗುರುವಾರ ಬೆಳಗಾದಾಗ ನೆಲ ಕಲ್ಲಾಗಿತ್ತು. ರಾತ್ರಿ ಬಿದ್ದ ಚಳಿ ಹಗಲಾದರೂ ಬಿಡಲಿಲ್ಲ. ರೊವೀನಾ ಚರ್ಚಿಗೆ ಹೋಗಿ ಬೆಳ್ಳಿಯ ಚಿಕ್ಕ ಡಬ್ಬಿಯಲ್ಲಿ ಪ್ರಸಾದದ ಎರಡು ರೊಟ್ಟಿಬಿಲ್ಲೆ ಇಟ್ಟುಕೊಂಡಳು, ಎಲ್ಬ್ರಿಜ್‌ಗೆ ಒಂದು, ತನಗೊಂದು. ಮೂರನೆಯದನ್ನು ತೆಗೆದುಕೊಳ್ಳಲು ಕೈ ಹೋಯಿತು. ಮತ್ತೆ ಊಹೆಯ ಮೇಲೆ ನಡೆಯುವುದು ಬೇಡ ಎಂದು ಮುಚ್ಚಳ ಹಾಕಿದಳು.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಮರ್ಟನ್ ನಿಂತಿದ್ದ. ಭಾನುವಾರದ ಕೋಟು ಹಾಕಿಕೊಂಡಿದ್ದ.

"ರಸ ನಿಂತಿದೆ" ಎಂದ. "ಚಳಿಗೆ ಮರ ಎಲ್ಲ ಬಿಗಿದುಕೊಂಡಿವೆ. ಅದಕ್ಕೆ ಬಂದೆ."

"ಬನ್ನಿ" ಎಂದಳು ರೊವೀನಾ.

ಎಲ್ಬ್ರಿಜ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮುದುಕನಾಗಿದ್ದೀಯಲ್ಲೋ."

"ನೀನು ಸತ್ತಿದ್ದೀಯ ಅಂದ್ರು. ನೋಡಿದ್ರೆ ಹಾಗೇನೂ ಇಲ್ಲ."

"ಈ ಕಡೆ ಕೂತ್ಕೊ. ಆ ಕಿವಿ ಕೇಳಲ್ಲ. ಒಲೆಗೆ ಹಾಕಿದ್ಯಂತಲ್ಲ, ಅದನ್ನ ಓದು."

ಮರ್ಟನ್ ರೊವೀನಾಳ ಕಡೆ ನೋಡದೆ ಕೋಟಿನ ಒಳಜೇಬಿನಿಂದ ಮಡಚಿದ ಹಾಳೆ ತೆಗೆದ. ಕನ್ನಡಕ ಹಾಕಿಕೊಂಡು, ಚರ್ಚಿನಲ್ಲಿ ಓದುವವನ ಧ್ವನಿಯಲ್ಲೇ ಓದಿದ. ಪಾಠ ಕಲಿತ ಶಾಲೆ, ಜತೆಗೆ ಹಿಡಿದ ಮೀನು, ಎಲ್ಬ್ರಿಜ್‌ನ ಹೆಂಡತಿಯ ಕೊನೆಯ ಚಳಿಗಾಲ, ಎಲ್ಲ ಇತ್ತು. ಕೊನೆಗೆ ಬಾಗಿಲು ಬಂತು. "ಅವನು ಬಳಿದ ಬಣ್ಣ ತಪ್ಪು ಬಣ್ಣ. ಆದರೆ ಅದನ್ನು ಒಬ್ಬನೇ, ಮಂಡಿ ನೋವಿಟ್ಟುಕೊಂಡು, ಮೂರು ದಿನ ಬಳಿದ. ನಾನು ಅದರ ಮೇಲೆ ಬಳಿಸಿದ್ದು ಅವನು ಅದೇ ಮಂಡಿಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಅವನು ಎದುರಿಗಿದ್ದಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲ."

"ಇದನ್ನ ಎಲ್ಲರ ಮುಂದೆ ಓದ್ತಿದ್ದೆಯಾ?"

"ಹ್ಞೂಂ."

"ಹಂಗಾದ್ರೆ ಮಡಚಿ ಇಟ್ಕೊ. ಆಗ್ಲೂ ಓದು. 'ತಪ್ಪು ಬಣ್ಣ' ಅನ್ನೋದು ಹೊಡೆದುಹಾಕು."

"ಅದನ್ನ ಹೊಡೆದುಹಾಕಲ್ಲ."

ರೊವೀನಾ ಪುಸ್ತಕ ತೆರೆದು ಪ್ರಾರ್ಥನೆ ಶುರುಮಾಡಿದಳು. ಸಮಾಧಾನ ಹೇಳಿಕೊಳ್ಳುವ ಸಾಲು ಬಂದಾಗ ಅವಳು ಮೊದಲು ಕೈ ಚಾಚಲಿಲ್ಲ, ಕಾದಳು. ಕೋಣೆಯಲ್ಲಿ ಬೆನ್ನು ಹಾಕಿ ನಿಲ್ಲುವಷ್ಟು ಜಾಗವಿರಲಿಲ್ಲ. ಎಲ್ಬ್ರಿಜ್ ಕಂಬಳಿಯಿಂದ ಕೈ ತೆಗೆದ, ಮರ್ಟನ್ ಅದನ್ನು ಹಿಡಿದ, ಬಿಡಲು ಮರೆತ.

ಅವಳು ಡಬ್ಬಿ ತೆರೆದು ಒಂದು ಬಿಲ್ಲೆಯನ್ನು ಮುರಿದಳು. ಆ ಸಣ್ಣ ಸದ್ದು ಮೂವರಿಗೂ ಕೇಳಿಸಿತು. ಅರ್ಧ ಎಲ್ಬ್ರಿಜ್‌ನ ನಾಲಗೆಗೆ, ಅರ್ಧ ಮರ್ಟನ್‌ನ ಸುಟ್ಟ ಕಲೆಗಳ ಅಂಗೈಗೆ, ಇನ್ನೊಂದು ಬಿಲ್ಲೆ ತನಗೆ. ಎರಡಕ್ಕೆ ಹತ್ತು ನಿಮಿಷವಿತ್ತು. ಪುಸ್ತಕ ಮುಚ್ಚಿ, ಪ್ರತಿ ಭಾನುವಾರ ಚರ್ಚಿನ ಹಿಂಬದಿಯಿಂದ ಕೂಗಿ ಹೇಳುವ ಮಾತನ್ನು ಮೆಲ್ಲಗೆ ಹೇಳಿದಳು.

"ಸಮಾಧಾನದಿಂದ ಹೋಗಿ."

ಹೊರಗೆ ಬಿಸಿಲು ಬಂದಿತ್ತು. ಸೂರಿನ ಹಿಮ ಕರಗಿ ಕಿಟಕಿಯ ಆಚೆ ತೊಟ್ಟಿಕ್ಕತೊಡಗಿತು, ಮೊದಲು ಒಂದೊಂದೇ ಹನಿ, ಆಮೇಲೆ ಬಿಡದೆ. ಮರ್ಟನ್ ತಲೆಯೆತ್ತಿ ಆ ಸದ್ದನ್ನು ಕೇಳಿದ. ಈಗ ಮರಗಳೂ ಸಡಿಲಾಗಿರುತ್ತವೆ, ಬಕೆಟ್ಟುಗಳಲ್ಲಿ ರಸ ಬೀಳುತ್ತಿರುತ್ತದೆ. ಅವನು ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ.